ಗೇಟಿನ ಮುಂದಿನ ನಾಲ್ಕು ಮೀಟರ್: ಮನೆದಾರಿ ಕೂಡಿಸುವ ಕೆಲಸಕ್ಕೆ ಸಿವಿಲ್ 3ಡಿ ಎಷ್ಟು ಒದಗುತ್ತದೆ?

ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾಟಿ ಅಡ್ಕಸ್ಥಳಕ್ಕೆ ಹೋಗುವ ರಸ್ತೆಯಾಗಲಿ, ಕುಂಬಳೆ–ಮುಳ್ಳೇರಿಯ ರಸ್ತೆಯಾಗಲಿ, ನಂದಾರಪದವಿನಿಂದ ಶುರುವಾಗುವ ಮಲೆನಾಡು ಹೆದ್ದಾರಿಯಾಗಲಿ, ಕಾಸರಗೋಡಿನ ಒಳನಾಡಿನಲ್ಲಿ ರಸ್ತೆಯ ಸ್ವಭಾವ ಒಂದೇ. ಒಂದು ಮಗ್ಗುಲಲ್ಲಿ ಮುರಕಲ್ಲಿನ ದರೆ, ಇನ್ನೊಂದು ಮಗ್ಗುಲಲ್ಲಿ ತೋಟಕ್ಕೆ ಇಳಿಯುವ ತಗ್ಗು, ಎರಡೂ ಕಡೆ ಮನೆಗಳು. ಮೇಲಿನ ಮನೆಯ ದಾರಿ ರಸ್ತೆಗೆ ಇಳಿದು ಬರುತ್ತದೆ, ಕೆಳಗಿನ ಮನೆಯ ದಾರಿ ರಸ್ತೆಯಿಂದ ಅಂಗಳಕ್ಕೆ ಇಳಿಯುತ್ತದೆ. ಇಂಥ ರಸ್ತೆಯನ್ನು ಅಗಲ ಮಾಡುವ ನಕ್ಷೆಯಲ್ಲಿ ಮಧ್ಯರೇಖೆ, ಡಾಂಬರಿನ ಪದರಗಳು, ಮೋರಿ ಎಲ್ಲ ಬೇಗ ಮುಗಿಯುತ್ತವೆ. ತಿದ್ದಿದಷ್ಟೂ ಮುಗಿಯದಿರುವುದು ಗೇಟುಗಳು. ಊರವರು ರಸ್ತೆಯ ಗುಣ ನೋಡುವುದೂ ಅಲ್ಲೇ: ಕಾರಿನ ಅಡಿ ತಾಗುತ್ತದಾ, ಜೂನ್ ತಿಂಗಳ ನೀರು ಅಂಗಳಕ್ಕೆ ನುಗ್ಗುತ್ತದಾ?

ಆ ಒಂದು ಕೆಲಸಕ್ಕೆ ಮಾತ್ರ ಸೀಮಿತವಾಗಿ, ರಸ್ತೆಯ ನಕ್ಷೆ ಮಾಡುವ ಸಾಫ್ಟ್‌ವೇರ್ ಆದ ಆಟೊಡೆಸ್ಕ್‌ನ ಸಿವಿಲ್ 3ಡಿಯನ್ನು ಇಲ್ಲಿ ಪರೀಕ್ಷಿಸಲಾಗಿದೆ. ತೀರ್ಪನ್ನು ಮೊದಲೇ ಹೇಳುವುದಾದರೆ, ರಸ್ತೆಗೆ ಇದು ಗಟ್ಟಿ ಉಪಕರಣ, ಆದರೆ ಗೇಟಿಗೆ ಇದರೊಳಗಿನ ಸಿದ್ಧ ಸಾಮಾನು ಸಾಲದು. ಗೇಟಿಗೊಂದರಂತೆ ರೀಜನ್ (ರಸ್ತೆಯ ಮಾದರಿಯ ಒಂದು ಭಾಗ) ತುಂಡು ಮಾಡುತ್ತ ಹೋದರೆ ಎರಡು ಕಿಲೋಮೀಟರಿನೊಳಗೆ ಫೈಲು ಕೈಮೀರುತ್ತದೆ. ಕರ್ಬಿನ (ರಸ್ತೆಯಂಚಿನ ಕಟ್ಟೆಯ) ಎತ್ತರವನ್ನು ಟಾರ್ಗೆಟ್ ಮೂಲಕ, ಅಂದರೆ ಮಾದರಿ ಹಿಂಬಾಲಿಸಬೇಕಾದ ರೇಖೆಯನ್ನು ತೋರಿಸಿ, ಆಳುವುದನ್ನು ಕಲಿತರೆ ಇದೇ ಸಾಫ್ಟ್‌ವೇರ್ ಸಾಕು, ಬೇರೆ ಹುಡುಕಬೇಕಾಗಿಲ್ಲ.

ರೀಜನ್ ತುಂಡು ಮಾಡುವ ದಾರಿ ಯಾಕೆ ಬೇಡ

ಕಾರಿಡಾರ್ ಎಂದರೆ ರಸ್ತೆಯ 3ಡಿ ಮಾದರಿ: ಅಲೈನ್‌ಮೆಂಟ್ (ಪ್ಲಾನಿನಲ್ಲಿ ರಸ್ತೆಯ ರೇಖೆ), ಪ್ರೊಫೈಲ್ (ಉದ್ದಕ್ಕೂ ಅದರ ಏರಿಳಿತ), ಅಸೆಂಬ್ಲಿ (ಅಡ್ಡಕೊಯ್ತದ ಅಚ್ಚು) ಈ ಮೂರರ ಕೂಟ. ಒಂದು ಚೈನೇಜ್‌ನಿಂದ (ರಸ್ತೆಯ ಆರಂಭದಿಂದ ಅಳೆದ ದೂರ) ಇನ್ನೊಂದರವರೆಗೆ ಒಂದೇ ಅಸೆಂಬ್ಲಿ ಓಡುವ ಭಾಗಕ್ಕೆ ರೀಜನ್ ಎನ್ನುತ್ತಾರೆ. ಹೊಸಬರು ಸಾಮಾನ್ಯವಾಗಿ ಮಾಡುವುದು ಹೀಗೆ: ಪೂರ್ತಿ ಕರ್ಬ್ ಇರುವ ಒಂದು ಅಸೆಂಬ್ಲಿ, ತಗ್ಗಿಸಿದ ಕರ್ಬ್ ಇರುವ ಇನ್ನೊಂದು ಅಸೆಂಬ್ಲಿ, ಗೇಟು ಬಂದಲ್ಲೆಲ್ಲ ರೀಜನ್ ಒಡೆದು ಎರಡನೆಯದನ್ನು ಕೂರಿಸುವುದು. ನಾಲ್ಕೈದು ಗೇಟಿನ ರಸ್ತೆಗೆ ಇದು ನಡೆಯುತ್ತದೆ.

ತೊಂದರೆ ಎಡ ಬಲದಲ್ಲಿದೆ. ಎಡಗಡೆಯ ಗೇಟೂ ಬಲಗಡೆಯ ಗೇಟೂ ಎದುರುಬದುರು ಇರುವುದಿಲ್ಲ. ಆದ್ದರಿಂದ ಎರಡೂ ಪೂರ್ತಿ, ಎಡ ತಗ್ಗು, ಬಲ ತಗ್ಗು, ಎರಡೂ ತಗ್ಗು ಎಂದು ನಾಲ್ಕು ಅಸೆಂಬ್ಲಿ ಬೇಕು. ಒಂದರ ಮೇಲೊಂದು ಅರ್ಧ ಬೀಳುವ ಗೇಟುಗಳಲ್ಲಿ ರೀಜನ್‌ಗಳು ಇನ್ನೂ ಚಿಕ್ಕದಾಗುತ್ತವೆ. ಒಬ್ಬ ಮನೆಯವರು ಗೇಟನ್ನು ಎರಡು ಮೀಟರ್ ಆಚೆ ಸರಿಸಿದರೆ ಆ ಜಾಗದ ಎಲ್ಲ ರೀಜನ್‌ಗಳ ಮೊದಲು ಕೊನೆ ಮತ್ತೆ ತಿದ್ದಬೇಕು, ಟಾರ್ಗೆಟ್‌ಗಳನ್ನು ಮತ್ತೆ ಹೊಂದಿಸಬೇಕು. ಎಡ ಬಲಗಳಿಗೆ ಬೇರೆ ಬೇರೆ ಬೇಸ್‌ಲೈನ್ ಕೊಟ್ಟರೆ, ಅಂದರೆ ಡಾಂಬರಿನ ಎರಡೂ ಅಂಚುಗಳಿಗೆ ಆಫ್‌ಸೆಟ್ ಅಲೈನ್‌ಮೆಂಟ್ ಎಳೆದು ಕರ್ಬ್ ಮತ್ತು ಅದರಾಚೆಯದನ್ನು ಅವುಗಳಿಂದ ನಡೆಸಿದರೆ, ಅಸೆಂಬ್ಲಿಗಳ ಸಂಖ್ಯೆ ನಾಲ್ಕರಿಂದ ಎರಡಕ್ಕೆ ಇಳಿಯುತ್ತದೆ. ಆದರೂ ರೀಜನ್‌ಗಳ ರಾಶಿ ಹಾಗೆಯೇ ಉಳಿಯುತ್ತದೆ.

ಇನ್ನೊಂದು ಕುತ್ತು ಸರ್ಫೇಸ್ (ಮೇಲ್ಮೈಯ ಮಾದರಿ) ಕಟ್ಟುವಾಗ ಕಾಣಿಸುತ್ತದೆ. ಎರಡು ರೀಜನ್‌ಗಳು ಒಂದೇ ಚೈನೇಜ್‌ನಲ್ಲಿ ಸೇರುವಲ್ಲಿ ಒಂದರ ಕರ್ಬ್ 150 ಮಿ.ಮೀ., ಇನ್ನೊಂದರದು 25 ಮಿ.ಮೀ. ತ್ರಿಕೋನ ಜಾಲದ ಸರ್ಫೇಸ್‌ನಲ್ಲಿ ಒಂದು ಬಿಂದುವಿಗೆ ಒಂದೇ ಎತ್ತರ. ನೆಟ್ಟಗಿನ ಗೋಡೆಯನ್ನು ಅದು ಹಿಡಿದಿಡಲಾರದು. ಹಾಗಾಗಿ ಕಾಂಟೂರ್ ಅಲ್ಲಿ ಗಂಟು ಬೀಳುತ್ತದೆ, ಅಥವಾ ಎರಡರಲ್ಲಿ ಒಂದು ಎತ್ತರ ಸದ್ದಿಲ್ಲದೆ ಬಿದ್ದುಹೋಗುತ್ತದೆ.

ಸೆಕ್ಷನ್ ಎಡಿಟರ್ (ಅಡ್ಡಕೊಯ್ತಗಳನ್ನು ಒಂದೊಂದಾಗಿ ತಿದ್ದುವ ಕಿಟಕಿ) ತೆರೆದು ಗೇಟಿನ ಚೈನೇಜ್‌ಗಳ ಮಟ್ಟಿಗೆ ಕರ್ಬಿನ ಅಳತೆ ಬದಲಿಸುವ ಅಡ್ಡದಾರಿಯೂ ಇದೆ. ಕೆಲಸ ಆಗುತ್ತದೆ, ಆದರೆ ಆ ಬದಲಾವಣೆ ಅಸೆಂಬ್ಲಿಯಲ್ಲೂ ಕಾಣುವುದಿಲ್ಲ, ಪ್ಲಾನಿನಲ್ಲೂ ಕಾಣುವುದಿಲ್ಲ. ಫೈಲು ಬೇರೆಯವರ ಕೈಗೆ ಹೋದಾಗ ಅದು ಹೂತಿಟ್ಟ ಮುಳ್ಳು. ಕಾರಿಡಾರ್ ಟ್ರಾನ್ಸಿಷನ್ ಎಂಬ ಸೌಲಭ್ಯ ಈಚಿನ ಆವೃತ್ತಿಗಳಲ್ಲಿ ಬಂದಿದೆ. ಒಂದು ಚೈನೇಜ್‌ನಿಂದ ಇನ್ನೊಂದಕ್ಕೆ ಸಬ್‌ಅಸೆಂಬ್ಲಿಯ (ಅಸೆಂಬ್ಲಿಯ ಒಂದು ಬಿಡಿಭಾಗದ) ಅಳತೆಯನ್ನು ನಿಧಾನಕ್ಕೆ ಬದಲಿಸಲು ಅದು ಒಳ್ಳೆಯದೇ, ಲೇನ್ ಅಗಲಕ್ಕೆ ಬಹಳ ಚೆನ್ನ. ನೂರು ಗೇಟಿಗೆ ನೂರು ಸಲ ಅದೇ ಡಯಲಾಗ್ ತುಂಬುವ ತಾಳ್ಮೆ ಇರುವವರು ಬಳಸಬಹುದು.

ಎತ್ತರವನ್ನೇ ಪ್ರೊಫೈಲ್ ಮಾಡುವುದು

ಸಿದ್ಧವಾಗಿ ಬರುವ ಅರ್ಬನ್ ಕರ್ಬ್ ಗಟರ್ ಜನರಲ್ ಎಂಬ ಸಬ್‌ಅಸೆಂಬ್ಲಿಗೆ ಟಾರ್ಗೆಟ್ ಇಲ್ಲ. ಅದರ ಅಳತೆಗಳೆಲ್ಲ ಸ್ಥಿರ ಸಂಖ್ಯೆಗಳು. ಈ ಕೆಲಸಕ್ಕೆ ಅದರ ದೊಡ್ಡ ಕೊರತೆ ಇದೇ. ಆದ್ದರಿಂದ ಜೊತೆಗೇ ಬರುವ ಸಬ್‌ಅಸೆಂಬ್ಲಿ ಕಂಪೋಸರ್‌ನಲ್ಲಿ ಸ್ವಂತ ಕರ್ಬ್ ಒಂದನ್ನು ಕಟ್ಟಿಕೊಳ್ಳುವುದು ಮೇಲು. ಕಂಪೋಸರ್ ಫ್ಲೋಚಾರ್ಟ್ ಎಳೆದಂತೆ ಕೆಲಸ ಮಾಡುತ್ತದೆ, ಕೋಡ್ ಬರೆಯಬೇಕಿಲ್ಲ.

ಕಟ್ಟುವ ಕ್ರಮ ಇಷ್ಟು. ಕರ್ಬಿನ ಎತ್ತರ ಎಂದು ಒಂದು ಪ್ಯಾರಾಮೀಟರ್, ಮೂಲ ಬೆಲೆ 0.150. ಜೊತೆಗೆ ಒಂದು ಎಲಿವೇಷನ್ ಟಾರ್ಗೆಟ್. ಫ್ಲೋಚಾರ್ಟಿನಲ್ಲಿ ಮೊದಲು ಒಂದು ಡಿಸಿಷನ್ ಇಟ್ಟು ಆ ಟಾರ್ಗೆಟ್ ಕೊಟ್ಟಿದ್ದಾರೋ ಇಲ್ಲವೋ ಎಂದು ಕೇಳಬೇಕು. ಅದಕ್ಕೆ ಈಸ್‌ವ್ಯಾಲಿಡ್ ಎಂಬ ಗುಣ ಇದೆ. ಕೊಟ್ಟಿಲ್ಲ ಎಂದಾದರೆ ಎತ್ತರ 0.150. ಕೊಟ್ಟಿದ್ದರೆ ಟಾರ್ಗೆಟ್‌ನ ಎಲಿವೇಷನ್ ಏನಿದೆಯೋ ಅದೇ ಕರ್ಬಿನ ಎತ್ತರ. ಇಲ್ಲೇ ಉಪಾಯ ಇರುವುದು. ಟಾರ್ಗೆಟ್ ಆಗಿ ಕೊಡುವ ಪ್ರೊಫೈಲ್ ಸಮುದ್ರಮಟ್ಟದ ಎತ್ತರ ಹೇಳುವುದಿಲ್ಲ, 0.150 ಮತ್ತು 0.025ರ ನಡುವೆ ಮಾತ್ರ ಏರಿಳಿಯುತ್ತದೆ. ಅದು ಕರ್ಬಿನ ಎತ್ತರದ ಪಟ್ಟಿ, ಪ್ರೊಫೈಲಿನ ವೇಷದಲ್ಲಿ. ರಸ್ತೆಯ ಮಟ್ಟವನ್ನು ನಾಳೆ ಅರ್ಧ ಮೀಟರ್ ಎತ್ತಿದರೂ ಈ ಪಟ್ಟಿ ಮುಟ್ಟಬೇಕಿಲ್ಲ. ಫೀಚರ್ ಲೈನ್ (ಎತ್ತರವನ್ನೂ ಹೊತ್ತ 3ಡಿ ರೇಖೆ) ಎಳೆದು ಕರ್ಬಿನ ನಿಜವಾದ ಮಟ್ಟ ಕೊಡುವ ವಿಧಾನದಲ್ಲಿ ಈ ಅನುಕೂಲ ಇಲ್ಲ. ರಸ್ತೆ ಎದ್ದರೂ ರೇಖೆ ಹಳೆಯ ಮಟ್ಟದಲ್ಲೇ ಕೂತಿರುತ್ತದೆ.

ಪಟ್ಟಿ ಮಾಡುವುದು ಎಕ್ಸೆಲ್‌ನಲ್ಲಿ. ಚೈನೇಜ್ 1240ರಲ್ಲಿ ಮಧ್ಯ ಇರುವ 4 ಮೀಟರ್ ಅಗಲದ ಗೇಟು ಎಂದಿಟ್ಟುಕೊಳ್ಳಿ. ಪಾದಚಾರಿ ದಾರಿ ಇಲ್ಲದ ಕಡೆ ನಾಲ್ಕು ಸಾಲು: 1237.1ಕ್ಕೆ 0.150, 1238.0ಕ್ಕೆ 0.025, 1242.0ಕ್ಕೆ 0.025, 1242.9ಕ್ಕೆ 0.150. ಅಂದರೆ ಎರಡೂ ತುದಿಗೆ 900 ಮಿ.ಮೀ. ಓರೆ ಕರ್ಬ್. ಕರ್ಬಿನ ಹಿಂದೆ ಪಾದಚಾರಿ ದಾರಿಯೂ ಗೇಟಿನಲ್ಲಿ ತಗ್ಗುವುದಾದರೆ 900 ಸಾಲದು. ನಡೆಯುವವರಿಗೆ 1:12ಕ್ಕಿಂತ ಕಡಿದು ಇರಬಾರದು, ತಗ್ಗುವುದು 125 ಮಿ.ಮೀ., ಆದ್ದರಿಂದ ಓರೆ 1500 ಮಿ.ಮೀ. ಬೇಕು. ಇಡೀ ರಸ್ತೆಯ ಪಟ್ಟಿಯನ್ನು ಟೆಕ್ಸ್ಟ್ ಫೈಲಾಗಿ ಉಳಿಸಿ, ಕ್ರಿಯೇಟ್ ಪ್ರೊಫೈಲ್ ಫ್ರಮ್ ಫೈಲ್ ಮೂಲಕ ಒಳಗೆ ತಂದರೆ ಎಡಕ್ಕೊಂದು ಬಲಕ್ಕೊಂದು ಪ್ರೊಫೈಲ್ ತಯಾರು. ಗೇಟು ಸರಿದರೆ ಎಕ್ಸೆಲ್‌ನಲ್ಲಿ ನಾಲ್ಕು ಸಂಖ್ಯೆ ತಿದ್ದಿ ಮತ್ತೆ ತಂದು, ಹೊಸ ಪ್ರೊಫೈಲನ್ನು ಟಾರ್ಗೆಟ್ ಆಗಿ ಕೊಡುವುದು, ಅಷ್ಟೆ.

ಪಾಲಾದ ಜಾಗದಲ್ಲಿ ಅಣ್ಣನ ಗೇಟು ತಮ್ಮನ ಗೇಟು ಅಕ್ಕಪಕ್ಕ ಇರುವುದು ನಮ್ಮ ಕಡೆ ಸಾಮಾನ್ಯ. ಎರಡು ಗೇಟುಗಳ ನಡುವೆ ಎರಡು ಓರೆಗಳಿಗೆ ಸಾಲುವಷ್ಟು ಉದ್ದ ಇಲ್ಲದಿದ್ದರೆ ಮೊದಲ ಗೇಟಿನ ಕೊನೆಯ ಚೈನೇಜ್ ಎರಡನೆಯದರ ಮೊದಲಿನದನ್ನು ದಾಟಿ ಹೋಗುತ್ತದೆ, ಪಟ್ಟಿಯ ಕ್ರಮ ಕೆಡುತ್ತದೆ. ಅಲ್ಲಿ ಎರಡನ್ನೂ ಸೇರಿಸಿ ಒಂದೇ ಉದ್ದದ ತಗ್ಗು ಮಾಡಿ. ನಡುವೆ ಒಂದು ಮೀಟರಿನ ಕರ್ಬ್ ಕುಪ್ಪೆ ಉಳಿಸಿದರೆ ಅದನ್ನು ಮೊದಲ ವಾರದಲ್ಲೇ ಪಿಕಪ್ ಗಾಡಿ ಮುರಿದು ಹಾಕುತ್ತದೆ.

ಒಂದು ಎಚ್ಚರಿಕೆ. ಕಾರಿಡಾರ್ ಸೆಕ್ಷನ್ ಹಾಕುವುದು ಫ್ರೀಕ್ವೆನ್ಸಿಯಲ್ಲಿ (ಎಷ್ಟು ಮೀಟರಿಗೊಂದು ಸೆಕ್ಷನ್ ಎಂಬ ಸೆಟ್ಟಿಂಗ್) ಹೇಳಿದ ಚೈನೇಜ್‌ಗಳಲ್ಲಿ. ಪ್ರೊಫೈಲ್ ಜಾಮಿಟ್ರಿ ಪಾಯಿಂಟ್ಸ್ ಎಂದು ಟಿಕ್ ಮಾಡಿದರೆ ಅದು ಬೇಸ್‌ಲೈನಿನ ಪ್ರೊಫೈಲಿಗೆ ಅನ್ವಯ, ಟಾರ್ಗೆಟ್ ಪ್ರೊಫೈಲಿನ ಪಿವಿಐಗಳಲ್ಲೂ (ಇಳಿಜಾರು ಬದಲಾಗುವ ಬಿಂದುಗಳಲ್ಲೂ) ಸೆಕ್ಷನ್ ಬೀಳುತ್ತದೆ ಎಂದು ನಂಬಬೇಡಿ. ಸೆಕ್ಷನ್‌ಗಳು 10 ಮೀಟರಿಗೊಂದು ಇದ್ದರೆ 4 ಮೀಟರಿನ ಗೇಟು ಎರಡು ಸೆಕ್ಷನ್‌ಗಳ ನಡುವೆ ಮಾಯವಾಗಬಹುದು. ಪಟ್ಟಿಯ ಚೈನೇಜ್‌ಗಳನ್ನೇ ಹೆಚ್ಚುವರಿ ಸ್ಟೇಷನ್‌ಗಳಾಗಿ ಸೇರಿಸಬೇಕು. ಇಲ್ಲವೇ ಪ್ರತಿ ಗೇಟಿನ ಎದುರು ಕರ್ಬಿನ ಸಾಲಿನಲ್ಲಿ ಪಾಲಿಲೈನ್ ತುಂಡು ಎಳೆದು, ಅದೇ ಸಬ್‌ಅಸೆಂಬ್ಲಿಗೆ ಆಫ್‌ಸೆಟ್ ಟಾರ್ಗೆಟ್ ಆಗಿ ಕೊಟ್ಟು, ಆಫ್‌ಸೆಟ್ ಟಾರ್ಗೆಟ್ ಜಾಮಿಟ್ರಿ ಪಾಯಿಂಟ್ಸ್ ಎಂಬುದನ್ನು ಚಾಲೂ ಮಾಡಬೇಕು. ಆಗ ಪಾಲಿಲೈನಿನ ಪ್ರತಿ ಮೂಲೆಯಲ್ಲೂ ಸೆಕ್ಷನ್ ಬೀಳುತ್ತದೆ.

ಕಂಪೋಸರ್ ಬೇಡ ಎನ್ನುವವರಿಗೆ ಕಂಡೀಷನಲ್ ಹಾರಿಜಾಂಟಲ್ ಟಾರ್ಗೆಟ್ ಎಂಬ ಸಿದ್ಧ ಸಬ್‌ಅಸೆಂಬ್ಲಿ ಇದೆ. ಲೇನಿನ ಅಂಚಿಗೆ ಅದನ್ನು ಎರಡು ಸಲ ಕೂರಿಸಬೇಕು, ಒಂದಕ್ಕೆ ಟಾರ್ಗೆಟ್ ಸಿಕ್ಕಿದರೆ, ಇನ್ನೊಂದಕ್ಕೆ ಸಿಗದಿದ್ದರೆ ಎಂದು ಬಗೆ ಕೊಡಬೇಕು. ಸಿಕ್ಕಿದ ಕವಲಿಗೆ ತಗ್ಗಿದ ಕರ್ಬ್, ಸಿಗದ ಕವಲಿಗೆ ಪೂರ್ತಿ ಕರ್ಬ್. ಗೇಟಿನ ಪಾಲಿಲೈನ್‌ಗಳೆಲ್ಲ ಒಂದೇ ಲೇಯರಿನಲ್ಲಿದ್ದರೆ ಟಾರ್ಗೆಟ್ ಕೊಡುವುದು ಒಂದೇ ಏಟಿಗೆ ಮುಗಿಯುತ್ತದೆ. ಮ್ಯಾಕ್ಸಿಮಮ್ ಡಿಸ್ಟೆನ್ಸ್ ಅನ್ನು ಒಂದೆರಡು ಮೀಟರಿಗೆ ಇಳಿಸಿ, ಸಬ್‌ಅಸೆಂಬ್ಲಿ ಇರುವ ಬದಿಯ ಟಾರ್ಗೆಟ್ ಮಾತ್ರ ಎಂಬ ಆಯ್ಕೆಯನ್ನೂ ಒತ್ತಿ. ಇಲ್ಲವಾದರೆ ಎದುರುಬದಿಯ ಗೇಟಿಗೆ ಈ ಬದಿಯ ಕರ್ಬ್ ತಲೆಬಾಗುತ್ತದೆ. ಈ ವಿಧಾನದಲ್ಲಿ ಓರೆ ಬರುವುದಿಲ್ಲ, ಕರ್ಬ್ ಗಕ್ಕನೆ ಬೀಳುತ್ತದೆ. ಪ್ರಮಾಣ ಲೆಕ್ಕಕ್ಕೆ ಸಾಕು, ಸೈಟಿನ ಮಟ್ಟಕ್ಕೆ ಸಾಲದು.

ಸ್ವಂತ ಸಬ್‌ಅಸೆಂಬ್ಲಿಯನ್ನು ಕಂಪೋಸರ್ ಉಳಿಸುವ ಪಿಕೆಟಿ ಫೈಲಿನದ್ದು ಇನ್ನೊಂದು ರಗಳೆ. ನಕ್ಷೆಯ ಫೈಲನ್ನು ಮಾತ್ರ ಕಳುಹಿಸಿದರೆ ಆಚೆಯವರ ಗಣಕದಲ್ಲಿ ಕಾರಿಡಾರ್ ರೀಬಿಲ್ಡ್ ಆಗುವುದಿಲ್ಲ. ಪಿಕೆಟಿಯೂ ಜೊತೆಗೆ ಹೋಗಬೇಕು, ಅವರು ಇಂಪೋರ್ಟ್ ಮಾಡಬೇಕು. ಆಮೇಲೆ ಪ್ಯಾರಾಮೀಟರುಗಳ ಹೆಸರು ಬದಲಿಸಿದರೆ ಈಗಾಗಲೇ ಅಸೆಂಬ್ಲಿಯಲ್ಲಿ ಕೂತಿರುವುದನ್ನು ತೆಗೆದು ಹೊಸದಾಗಿ ಕೂರಿಸಬೇಕಾಗಬಹುದು. ಹೆಸರುಗಳನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ.

ಕರ್ಬ್ ತಗ್ಗಿದಾಗ ಚರಂಡಿಯೂ ತಗ್ಗಿದರೆ

ಇದನ್ನು ಬಿಡಿಯಾಗಿ ಹೇಳಲೇಬೇಕು, ಯಾಕೆಂದರೆ ಪರದೆಯ ಮೇಲೆ ಇದು ಕಣ್ಣಿಗೆ ಬೀಳುವುದಿಲ್ಲ. ಅಸೆಂಬ್ಲಿಯಲ್ಲಿ ಲೇನ್, ಕರ್ಬ್, ಅದರ ಬೆನ್ನಿಗೆ ಸ್ಲಾಬ್ ಮುಚ್ಚಿದ ಚರಂಡಿ ಎಂದು ಸಾಲಾಗಿ ಕೂರಿಸುವುದು ರೂಢಿ. ಸಾಲಿನಲ್ಲಿ ಹಿಂದಿನದು ಇಳಿದರೆ ಮುಂದಿನದೂ ಇಳಿಯುತ್ತದೆ. ಗೇಟಿನಲ್ಲಿ ಕರ್ಬಿನ ತಲೆ 125 ಮಿ.ಮೀ. ತಗ್ಗಿತು, ಬೆನ್ನಿಗಿದ್ದ ಚರಂಡಿಯ ತಳವೂ ಅಷ್ಟೇ ತಗ್ಗಿತು. ಇಳಿಜಾರು ಶೇ 0.5 ಇರುವ ಚರಂಡಿಯಲ್ಲಿ 125 ಮಿ.ಮೀ. ಎಂದರೆ 25 ಮೀಟರ್ ಉದ್ದದ ಇಳಿತ. ಪ್ರತಿ ಗೇಟಿನ ಅಡಿಯಲ್ಲೂ ನೀರು ನಿಲ್ಲುವ ಗುಂಡಿ, ಅದರಲ್ಲಿ ಮುರಮಣ್ಣು, ತೆಂಗಿನ ಗರಿ, ಸೊಳ್ಳೆ.

ಪರಿಹಾರ ಸರಳ. ಚರಂಡಿಯನ್ನು ಕರ್ಬಿನ ಬೆನ್ನಿಗೆ ಕಟ್ಟಬೇಡಿ, ಗಟರಿನ (ಕರ್ಬಿನ ಬುಡದಲ್ಲಿ ನೀರು ಹರಿಯುವ ಜಾಗ) ಅಂಚಿನಲ್ಲಿ ಮಾರ್ಕ್ ಪಾಯಿಂಟ್ ಎಂಬ ಗುರುತು ಬಿಂದು ಇಟ್ಟು ಅಲ್ಲಿಂದ ತೆಗೆಯಿರಿ. ತಳಕ್ಕೆ ಸ್ವಂತ ಪ್ರೊಫೈಲ್ ಎಳೆದು ಎಲಿವೇಷನ್ ಟಾರ್ಗೆಟ್ ಆಗಿ ಕೊಡಿ. ಮುಚ್ಚುವ ಸ್ಲಾಬಿನ ಮೇಲ್ಮೈ ಮಾತ್ರ ಕರ್ಬಿನ ಎತ್ತರದ ಪಟ್ಟಿಯನ್ನು ಹಿಂಬಾಲಿಸಲಿ. ತಳ ಸ್ಥಿರ, ತಲೆ ತಗ್ಗು ಎಂದಾದಾಗ ಗೇಟಿನಲ್ಲಿ ಚರಂಡಿಯ ಒಳಗಿನ ಆಳ 125 ಮಿ.ಮೀ. ಕಡಿಮೆಯಾಗುತ್ತದೆ. ಜೊತೆಗೆ ಗಾಡಿ ಹೊರುವ ಸ್ಲಾಬ್ ದಪ್ಪ ಇರಬೇಕು, ಅದರಿಂದ ಇನ್ನಷ್ಟು ಆಳ ಹೋಗುತ್ತದೆ. ಮಳೆಗಾಲದ ನೀರಿಗೆ ಬೇಕಾದ ಆಳವನ್ನು ಗೇಟಿನ ಸೆಕ್ಷನ್‌ನಲ್ಲಿ ನೋಡಿ ನಿರ್ಧರಿಸಬೇಕೇ ಹೊರತು ಬಯಲಿನ ಸೆಕ್ಷನ್‌ನಲ್ಲಲ್ಲ.

ಗೇಟಿನವರೆಗಿನ ದಾರಿ

ಕರ್ಬಿನಾಚೆಗೆ ಸಾಫ್ಟ್‌ವೇರಿನ ಬಲ ಇಳಿಯುತ್ತದೆ. ಎರಡು ಕಾರಣ.

ಮೊದಲನೆಯದು ತಿರುಚು. ರಸ್ತೆ ಉದ್ದಕ್ಕೆ ಶೇ 6 ಏರುತ್ತಿದ್ದರೆ 4 ಮೀಟರ್ ಅಗಲದ ಮನೆದಾರಿಯ ಎಡ ಮೂಲೆಗೂ ಬಲ ಮೂಲೆಗೂ 240 ಮಿ.ಮೀ. ವ್ಯತ್ಯಾಸ. ಗೇಟಿನ ಹೊಸ್ತಿಲು ಸಮಮಟ್ಟ. ಆ ನಾಲ್ಕೈದು ಮೀಟರಿನೊಳಗೆ ನೆಲ ಓರೆಯಿಂದ ಸಮಕ್ಕೆ ತಿರುಚಬೇಕು. ಮನೆದಾರಿಗೆ ಒಂದು ಅಲೈನ್‌ಮೆಂಟ್, ಒಂದು ಪ್ರೊಫೈಲ್, ಎರಡು ಬದಿಗೆ ಸಮನಾದ ಲಿಂಕ್ ಎಂದು ಮಾಡಿದ ಮಾದರಿ ಒಂದು ಬದಿಯಲ್ಲಿ ರಸ್ತೆಯಿಂದ 120 ಮಿ.ಮೀ. ಎದ್ದಿರುತ್ತದೆ, ಇನ್ನೊಂದು ಬದಿಯಲ್ಲಿ ಅಷ್ಟೇ ಹೂತಿರುತ್ತದೆ. ಗಟ್ಟದ ರಸ್ತೆಗಳಲ್ಲಿ ಎಲ್ಲರೂ ಎಡವುವ ಕಲ್ಲು ಇದು.

ಚಿಕ್ಕ ದಾರಿಗೆ, ಅಂದರೆ ಗೇಟು ರಸ್ತೆಯಂಚಿನಿಂದ ಐದಾರು ಮೀಟರಿನೊಳಗಿದ್ದರೆ, ಕಾರಿಡಾರಿನ ಗೋಜೇ ಬೇಡ. ಎರಡು ಅಂಚುಗಳಿಗೆ ಎರಡು ಫೀಚರ್ ಲೈನ್ ಎಳೆದು, ರಸ್ತೆಯ ಕಡೆಯ ತುದಿಗೆ ಕಾರಿಡಾರ್ ಸರ್ಫೇಸಿನ ಮಟ್ಟ, ಗೇಟಿನ ಕಡೆಗೆ ಅಳೆದ ಹೊಸ್ತಿಲಿನ ಮಟ್ಟ ಕೊಟ್ಟು ಸರ್ಫೇಸ್ ಕಟ್ಟಿದರೆ ಮುಗಿಯಿತು. ಮಧ್ಯದಲ್ಲಿ ಇನ್ನೊಂದು ರೇಖೆ ಇದ್ದರೆ ತ್ರಿಕೋನಗಳು ಒಳ್ಳೆಯದಾಗಿ ಬೀಳುತ್ತವೆ. ಹದಿನೈದು ಇಪ್ಪತ್ತು ಮೀಟರಿಗಿಂತ ಉದ್ದದ ದಾರಿಗೆ, ದರೆ ಕಡಿಯಬೇಕಾದ ದಾರಿಗೆ ಮಾತ್ರ ಅಲೈನ್‌ಮೆಂಟ್ ಸಮೇತ ಕಾರಿಡಾರ್ ಮಾಡಿ, ಲೇನಿನ ಎರಡು ಅಂಚಿಗೆ ಆ ಫೀಚರ್ ಲೈನ್‌ಗಳನ್ನು ಅಗಲ ಮತ್ತು ಎತ್ತರ ಎರಡರ ಟಾರ್ಗೆಟ್ ಆಗಿ ಕೊಡಿ. ಇಂಟರ್‌ಸೆಕ್ಷನ್ ವಿಝಾರ್ಡ್ ಅನ್ನು ಪಂಚಾಯತ್ ರಸ್ತೆ ಬಂದು ಕೂಡುವಲ್ಲಿಗೆ ಮೀಸಲಿಡಿ. ಅದು ಕೇಳುವಷ್ಟು ಅಲೈನ್‌ಮೆಂಟು ಪ್ರೊಫೈಲುಗಳನ್ನು ಒಂದು ಮನೆಯ ಗೇಟಿಗೆ ಒದಗಿಸುವುದು ಹೊರೆ.

ಎರಡನೆಯದು ಉಬ್ಬು. ರಸ್ತೆಗಿಂತ ಕೆಳಗಿನ ಮನೆಗೆ ದಾರಿ ಇಳಿಸುವಾಗ ಗಟರಿನ ನೀರು ಹಿಂಬಾಲಿಸಿ ಬರದಂತೆ ಮೊದಲು ಸ್ವಲ್ಪ ಏರಿಸಿ ಆಮೇಲೆ ಇಳಿಸಬೇಕು. ಗಟರಿನಿಂದ ಶೇ 6ರಂತೆ 2 ಮೀಟರ್ ಏರಿಸಿದರೆ 120 ಮಿ.ಮೀ. ಉಬ್ಬು, ಅಲ್ಲಿಂದ ಶೇ 15 ಇಳಿತ ಎಂದು ಪ್ರೊಫೈಲ್ ಎಳೆದರೆ ಕಾಗದದ ಮೇಲೆ ಸರಿ ಕಾಣುತ್ತದೆ. ಇಳಿಜಾರಿನ ಒಟ್ಟು ಬದಲಾವಣೆ ಶೇ 21. ಎರಡು ಚಕ್ರಗಳ ನಡುವಿನ ಅಂತರ 2.6 ಮೀಟರ್ ಇರುವ ಕಾರು ಈ ಚೂಪು ಉಬ್ಬಿನ ಮೇಲೆ ನಿಂತಾಗ ಹೊಟ್ಟೆಯಡಿಗೆ ನೆಲ 137 ಮಿ.ಮೀ. ಎದ್ದಿರುತ್ತದೆ. ಲೆಕ್ಕ ಬದಲಾವಣೆಯನ್ನು ಚಕ್ರಾಂತರದಿಂದ ಗುಣಿಸಿ ನಾಲ್ಕರಿಂದ ಭಾಗಿಸುವುದು. ಐದು ಜನ ಕೂತ ಕಾರು ತಾಗಿಯೇ ಹೋಗುತ್ತದೆ.

ಆದ್ದರಿಂದ ಉಬ್ಬನ್ನು ದುಂಡಾಗಿಸಲು 3 ಮೀಟರ್ ಉದ್ದದ ಲಂಬ ವಕ್ರ ಹಾಕುತ್ತಾರೆ. ಹೊಟ್ಟೆಯಡಿಯ ಏರು 59 ಮಿ.ಮೀ.ಗೆ ಇಳಿಯುತ್ತದೆ, ಕಾರು ಸಲೀಸು. ಆದರೆ ಉಬ್ಬು ಏನಾಯಿತು ನೋಡಿ. ವಕ್ರ ಪಿವಿಐಯನ್ನು ಮುಟ್ಟುವುದಿಲ್ಲ, ಅದರ ಅಡಿಯಿಂದ ಹೋಗುತ್ತದೆ. ವಕ್ರದ ಅತಿ ಎತ್ತರದ ಬಿಂದು ಗಟರಿಗಿಂತ ಬರೇ 56 ಮಿ.ಮೀ. ಮೇಲೆ. 120 ಎಂದು ಬರೆದದ್ದು ಅರ್ಧಕ್ಕಿಂತ ಕೆಳಗೆ ಬಂತು, ಜೂನ್‌ನಲ್ಲಿ ನೀರು ಅಂಗಳಕ್ಕೆ. ಮೊದಲ ಏರನ್ನು ಶೇ 10 ಮಾಡಿ, ಮಿಕ್ಕದ್ದು ಹಾಗೇ ಇಟ್ಟರೆ ಉಬ್ಬಿನ ನಿಜವಾದ ಎತ್ತರ 110 ಮಿ.ಮೀ. ಸಿಗುತ್ತದೆ, ಹೊಟ್ಟೆಯಡಿ 70 ಮಿ.ಮೀ. ಮಾತ್ರ. ಗಟರಿನ ತಗ್ಗಿನಲ್ಲಿ ರಸ್ತೆಯ ಶೇ 2.5 ಕ್ಯಾಂಬರ್ (ಅಡ್ಡ ಇಳಿಜಾರು) ಸೇರಿ ಬದಲಾವಣೆ ಶೇ 12.5. ಮುಂಚಕ್ರದ ಮುಂದೆ 0.8 ಮೀಟರ್ ಚಾಚಿದ ಬಂಪರಿನ ಕೆಳಗೆ ನೆಲ ಸುಮಾರು 100 ಮಿ.ಮೀ. ಏರುತ್ತದೆ. ಅದು ತಾಗುವುದಿಲ್ಲ. ಅದೇ ಮೇಲಿನ ಮನೆಗೆ ಗಟರಿನಿಂದಲೇ ಶೇ 20 ಏರಿಸಿದರೆ ಬದಲಾವಣೆ ಶೇ 22.5, ಬಂಪರಿನ ಕೆಳಗೆ 180 ಮಿ.ಮೀ., ಅಲ್ಲಿ ತಗ್ಗು ಬಂಪರಿನ ಕಾರಿಗೆ ಉಳಿಗಾಲವಿಲ್ಲ. ಮೊದಲ ಎರಡೂವರೆ ಮೂರು ಮೀಟರನ್ನು ಶೇ 10ರ ಆಸುಪಾಸಿನಲ್ಲಿಟ್ಟು ಆಮೇಲೆ ಕಡಿದಾಗಿಸಬೇಕು.

ಗಟರಿನಿಂದ ಎರಡು ಮೀಟರ್ ಏರು, ವಕ್ರದ ಉಳಿದ ಒಂದೂವರೆ, ಒಟ್ಟು ಮೂರೂವರೆ ಮೀಟರ್ ಬೇಕಾಯಿತು. ಆವರಣ ಗೋಡೆ ಅದಕ್ಕಿಂತ ಮೊದಲೇ ಇದ್ದರೆ ವಕ್ರದ ಬಾಲ ಮನೆಯವರ ಅಂಗಳದೊಳಗೆ ಹೋಗುತ್ತದೆ, ಇಂಟರ್‌ಲಾಕ್ ಕೀಳಬೇಕಾಗುತ್ತದೆ. ಅದು ನಕ್ಷೆಯ ಹಂತದಲ್ಲೇ ಗೊತ್ತಾಗಬೇಕು. ಒಳಕ್ಕೆ ತೆರೆಯುವ ಗೇಟಿನ ಬಗ್ಗೆಯೂ ಹಾಗೆಯೇ: ಅಂಗಳ ಒಳಕ್ಕೆ ಶೇ 15 ಏರುತ್ತಿದ್ದರೆ ಒಂದೂವರೆ ಮೀಟರಿನ ಬಾಗಿಲು ತೆರೆದಾಗ ಅದರ ತುದಿಯ ಅಡಿಗೆ ನೆಲ 225 ಮಿ.ಮೀ. ಎದ್ದಿರುತ್ತದೆ. ಆ ಮನೆಗೆ ಸರಿಯುವ ಗೇಟೇ ಗತಿ, ಅದರ ಖರ್ಚು ಯಾರದ್ದು ಎಂಬ ಜಗಳ ಬೇರೆ.

ಇಷ್ಟು ಲೆಕ್ಕ ಮಾಡಿ ಎಳೆದ ವಕ್ರವನ್ನು ಕಾರಿಡಾರ್ ಕೆಡಿಸಬಲ್ಲದು. ಮನೆದಾರಿಯ ಕಾರಿಡಾರಿಗೆ ರಸ್ತೆಯ ಫ್ರೀಕ್ವೆನ್ಸಿಯನ್ನೇ ಉಳಿಸಿದರೆ ಸೆಕ್ಷನ್‌ಗಳು ವಕ್ರದ ಎರಡು ತುದಿಯಲ್ಲಿ ಮಾತ್ರ ಬಿದ್ದು ನಡುವೆ ನೇರ ಗೆರೆ ಬರುತ್ತದೆ. ಮೇಲಿನ ಶೇ 10, 15ರ ಉದಾಹರಣೆಯಲ್ಲಿ ವಕ್ರದ ಮೊದಲ ತುದಿ 50 ಮಿ.ಮೀ. ಮೇಲೆ, ಕೊನೆಯ ತುದಿ 25 ಮಿ.ಮೀ. ಕೆಳಗೆ. ಅವೆರಡನ್ನು ಸೇರಿಸುವ ಗೆರೆಯಲ್ಲಿ 110 ಮಿ.ಮೀ. ಉಬ್ಬು ಎಲ್ಲೂ ಇಲ್ಲ. ಅರ್ಧ ಮೀಟರಿಗೊಂದು ಸೆಕ್ಷನ್ ಕೊಡಿ. ಒಂದು ಮೀಟರಿಗೊಂದಾದರೂ ವ್ಯತ್ಯಾಸ 10 ಮಿ.ಮೀ. ಆಸುಪಾಸಿನಲ್ಲೇ ಇರುತ್ತದೆ.

ಪ್ರೊಫೈಲ್ ವ್ಯೂನಲ್ಲಿ ಕಾರಿನ ಚಿತ್ರ ಇಟ್ಟು ನೋಡುವವರು ಲಂಬ ಅಳತೆಯ ಹಿಗ್ಗಿಸುವಿಕೆಯನ್ನು 1ಕ್ಕೆ ತರಬೇಕು. ರಸ್ತೆಯ ಪ್ರೊಫೈಲಿಗೆ ಹತ್ತು ಪಟ್ಟು ಹಿಗ್ಗಿಸಿರುವ ಸ್ಟೈಲೇ ಇಲ್ಲೂ ಬಂದರೆ ಎಲ್ಲ ಗೇಟೂ ಆಗುಂಬೆ ಘಾಟಿಯಂತೆ ಕಾಣುತ್ತದೆ.

ಕೊನೆಗೆ ಸರ್ಫೇಸ್ ಕೂಡಿಸುವುದು. ಖಾಲಿ ಸರ್ಫೇಸ್ ಒಂದಕ್ಕೆ ಮೊದಲು ರಸ್ತೆಯನ್ನು, ಆಮೇಲೆ ಮನೆದಾರಿಗಳನ್ನು ಪೇಸ್ಟ್ ಮಾಡಬೇಕು. ನಂತರ ಅಂಟಿಸಿದ್ದು ಮೇಲುಗೈ. ರಸ್ತೆಯ ಸರ್ಫೇಸಿಗೆ ಕಾರಿಡಾರಿನ ಅಂಚನ್ನೇ ಹೊರಗಡಿಯಾಗಿ ಕೊಡದಿದ್ದರೆ ತಿರುವಿನ ಒಳಬದಿಯಲ್ಲಿ ತ್ರಿಕೋನಗಳು ಗೇಟಿನಿಂದ ಗೇಟಿಗೆ ಹಾರುತ್ತವೆ. ಕಾರಿಡಾರ್ ತನ್ನದೇ ಸರ್ಫೇಸನ್ನು ಟಾರ್ಗೆಟ್ ಮಾಡಿಕೊಳ್ಳುವ ಸುತ್ತು ಆಗದಂತೆಯೂ ನೋಡಿಕೊಳ್ಳಿ. ಮನೆದಾರಿಗಳಿಗೆ ಬೇರೆಯೇ ಕಾರಿಡಾರ್ ಇಟ್ಟರೆ ಆ ಗೊಡವೆ ಇಲ್ಲ, ರಸ್ತೆ ರೀಬಿಲ್ಡ್ ಆಗುವುದೂ ಹಗುರ.

ಸರ್ವೆ, ಪೈಪೋಟಿ, ದುಡ್ಡು

ಮಾದರಿ ಎಷ್ಟೇ ನಾಜೂಕಾಗಿದ್ದರೂ ಹೊಸ್ತಿಲಿನ ಮಟ್ಟ ತಪ್ಪಿದರೆ ಎಲ್ಲ ದಂಡ. ತೆಂಗು ಅಡಕೆಯ ನೆರಳಿರುವ ಕಡೆ ಡ್ರೋನ್ ಕೊಡುವುದು ಗರಿಗಳ ಮಟ್ಟ, ನೆಲದ್ದಲ್ಲ. ಪ್ರತಿ ಗೇಟಿಗೆ ಟೋಟಲ್ ಸ್ಟೇಷನ್‌ನಲ್ಲಿ ಹೊಸ್ತಿಲಿನ ಎರಡು ತುದಿ ಮತ್ತು ಮಧ್ಯ, ಅಂಗಳದಲ್ಲಿ ಐದು ಮೀಟರ್ ಒಳಗೆ ಒಂದು, ಇರುವ ಚರಂಡಿಯ ತಳ ಒಂದು, ಇಷ್ಟಾದರೂ ಹಿಡಿಯಬೇಕು. ದರೆಯ ತಲೆಗೂ ಬುಡಕ್ಕೂ ಬ್ರೇಕ್‌ಲೈನ್ (ತ್ರಿಕೋನಗಳು ದಾಟಬಾರದ ರೇಖೆ) ಕೊಡದಿದ್ದರೆ ನೆಟ್ಟಗಿನ ಮುರಕಲ್ಲು ಇಳಿಜಾರಾಗಿ ತೋರುತ್ತದೆ, ಅಗೆತದ ಲೆಕ್ಕ ಕೆಡುತ್ತದೆ.

ಕಾಸರಗೋಡಿಗೇ ವಿಶೇಷವಾದ ಒಂದು ಸಂಗತಿ ಇದೆ. ಜಿಲ್ಲೆ ಇರುವುದು ಯುಟಿಎಂ ಎಂಬ ಭೂಪಟ ಗ್ರಿಡ್ಡಿನ 43ನೇ ವಲಯದಲ್ಲಿ, ಆ ವಲಯದ ಮಧ್ಯರೇಖೆ 75 ಡಿಗ್ರಿ ಪೂರ್ವ, ಅದು ಹೆಚ್ಚುಕಡಿಮೆ ಕಾಸರಗೋಡು ಪಟ್ಟಣದ ಮೇಲೇ ಹಾದುಹೋಗುತ್ತದೆ. ಅಲ್ಲಿ ಗ್ರಿಡ್ಡಿನ ಅಳತೆ ನೆಲದ ಅಳತೆಯ 0.9996 ಪಾಲು. ಕಿಲೋಮೀಟರಿಗೆ 40 ಸೆಂಟಿಮೀಟರ್ ಕಮ್ಮಿ, ಹತ್ತು ಕಿಲೋಮೀಟರಿಗೆ 4 ಮೀಟರ್, ಅಂದರೆ ಒಂದು ಇಡೀ ಗೇಟು. ಗೇಟಿನ ಪಟ್ಟಿಯನ್ನು ನೆಲದಲ್ಲಿ ಟೇಪು ಹಿಡಿದು ಅಥವಾ ಗಾಡಿಯ ಮೀಟರಿನಲ್ಲಿ ಮಾಡಿ, ಅಲೈನ್‌ಮೆಂಟನ್ನು ಯುಟಿಎಂನಲ್ಲಿ ಎಳೆದಿದ್ದರೆ ದೂರ ಹೋದಂತೆ ತಗ್ಗು ಒಂದೆಡೆ, ಗೇಟು ಇನ್ನೊಂದೆಡೆ. ಗೇಟಿನ ಚೈನೇಜನ್ನು ಯಾವಾಗಲೂ ನಕ್ಷೆಯ ಅಲೈನ್‌ಮೆಂಟಿನಿಂದಲೇ ತೆಗೆಯಿರಿ.

ಬೆಂಟ್ಲಿಯ ಓಪನ್‌ರೋಡ್ಸ್ ಡಿಸೈನರ್ ಈ ಒಂದು ವಿಷಯದಲ್ಲಿ ಮುಂದಿದೆ. ಅದರ ಸಿವಿಲ್ ಸೆಲ್ ಎಂಬುದರಲ್ಲಿ ಒಂದು ಮನೆದಾರಿಯನ್ನು ಒಮ್ಮೆ ಕಟ್ಟಿಟ್ಟರೆ ಬೇರೆ ಗೇಟಿಗೆ ಅದನ್ನು ನಿಯಮಗಳ ಸಮೇತ ಕೂರಿಸಬಹುದು. ಪಾಯಿಂಟ್ ಕಂಟ್ರೋಲ್‌ನಿಂದ ಕರ್ಬಿನ ತಲೆಯನ್ನು ನೇರವಾಗಿ ಹಿಡಿಯಬಹುದು. ಸಿವಿಲ್ 3ಡಿಯಲ್ಲಿ ಅಷ್ಟು ಸಲೀಸಾದದ್ದು ಇಲ್ಲ. ಆದರೆ ಆಟೊಕ್ಯಾಡ್ ಬಲ್ಲ ಹುಡುಗರು ಮಂಗಳೂರಿನಿಂದ ಕಾಞಂಗಾಡಿನವರೆಗೆ ಎಲ್ಲೆಡೆ ಸಿಗುತ್ತಾರೆ, ಓಪನ್‌ರೋಡ್ಸ್ ಬಲ್ಲವರನ್ನು ಹುಡುಕಬೇಕು. ಸಣ್ಣ ಕಚೇರಿಗೆ ಅದೇ ನಿರ್ಣಾಯಕ. ಪರವಾನಗಿ ಬಾಡಿಗೆಯ ಲೆಕ್ಕದ್ದು, ಒಮ್ಮೆ ದುಡ್ಡು ಕೊಟ್ಟು ಶಾಶ್ವತವಾಗಿ ಇಟ್ಟುಕೊಳ್ಳುವ ಕಾಲ ಹೋಯಿತು. ವರ್ಷಕ್ಕೊಂದೆರಡು ರಸ್ತೆ ಮಾಡುವವರಿಗೆ ಅದು ದುಬಾರಿ ಎನಿಸುವುದು ನ್ಯಾಯವೇ.

ಗುತ್ತಿಗೆದಾರರಿಗೆ ಕೊಡುವಾಗ ಲ್ಯಾಂಡ್‌ಎಕ್ಸ್‌ಎಂಎಲ್ (ಮಾದರಿಯ ಡಿಜಿಟಲ್ ಫೈಲು) ಮಾತ್ರ ಕೊಟ್ಟು ಕೈತೊಳೆಯಬೇಡಿ. ಕರ್ಬ್ ಕೂರಿಸುವ ಮೇಸ್ತ್ರಿಯ ಕೈಯಲ್ಲಿರುವುದು ದಾರ ಮತ್ತು ಲೆವೆಲ್ ಟ್ಯೂಬು. ಪ್ರತಿ ಗೇಟಿಗೆ ಒಂದು ಸಾಲಿನಂತೆ ಓರೆ ಶುರುವಾಗುವ ಚೈನೇಜ್, ತಗ್ಗು ಶುರು, ತಗ್ಗು ಕೊನೆ, ಓರೆ ಕೊನೆ, ಆ ನಾಲ್ಕರಲ್ಲೂ ಕರ್ಬಿನ ತಲೆಯ ಮಟ್ಟ, ಉಬ್ಬಿನ ತುದಿಯ ಮಟ್ಟ ಮತ್ತು ಅದು ಗಟರಿನಿಂದ ಎಷ್ಟು ದೂರ, ಹೊಸ್ತಿಲಿನ ಮಟ್ಟ, ಚರಂಡಿಯ ತಳ, ಇಷ್ಟನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಡಿ. ಮನೆಯ ಹೆಸರೋ ಗೇಟಿನ ಬಣ್ಣವೋ ಒಂದು ಗುರುತನ್ನೂ ಪಕ್ಕದಲ್ಲಿ ಬರೆದಿರಲಿ. ಎಡದ ಪಟ್ಟಿ ಬಲದ ಪಟ್ಟಿ ಬೇರೆ ಬೇರೆ ಹಾಳೆಯಲ್ಲಿರಲಿ.